ಕೊನೆಯ ಸಾಲಿನವರಿಗೂ ಕಾಣುವ ಸ್ಲೈಡ್ ಮಾಡುವುದು ಹೇಗೆ

ಸ್ಲೈಡ್ ಮಾಡಬೇಕು ಅಂದ ಕೂಡಲೇ ನಾವು ಮಾಡುವ ಮೊದಲ ಕೆಲಸ ಪವರ್‌ಪಾಯಿಂಟ್ ತೆರೆಯುವುದು. ಎಡವುವುದೂ ಅಲ್ಲೇ. ತೆರೆದ ತಕ್ಷಣ ಅದು ಶೀರ್ಷಿಕೆಗೆ ಅಂತ ಒಂದು ಡಬ್ಬಿ ಕೊಡುತ್ತದೆ, ಅದರ ಕೆಳಗೆ ಬುಲೆಟ್ ಹಾಕಿಕೊಂಡು ಇನ್ನೊಂದು ಡಬ್ಬಿ ಕಾಯುತ್ತಿರುತ್ತದೆ, ನಾವು ತುಂಬಿಸುತ್ತಾ ಹೋಗುತ್ತೇವೆ. ಸಂಜೆ ಹೊತ್ತಿಗೆ ಮೂವತ್ತು ಸ್ಲೈಡ್ ಆಗಿರುತ್ತವೆ. ಏನು ಹೇಳಬೇಕು ಅನ್ನುವುದು ಮಾತ್ರ ಇನ್ನೂ ತೀರ್ಮಾನ ಆಗಿರುವುದಿಲ್ಲ.

ನಾನೂ ಹೀಗೇ ಒಮ್ಮೆ ಇಪ್ಪತ್ತು ನಿಮಿಷದ ಮಾತಿಗೆ 42 ಸ್ಲೈಡ್ ಮಾಡಿಕೊಂಡು ಹೋಗಿದ್ದೆ. ಲ್ಯಾಪ್‌ಟಾಪಿನಲ್ಲಿ ಬಹಳ ಚೆಂದ ಕಾಣುತ್ತಿದ್ದ ತಿಳಿಬೂದು ಅಕ್ಷರಗಳು ಪ್ರೊಜೆಕ್ಟರಿನಲ್ಲಿ ಮಾಯವಾದವು. ಖಾಲಿ ಬಿಳಿ ಪರದೆ ಪಕ್ಕ ನಿಂತುಕೊಂಡು "ಇಲ್ಲಿ ನೀವು ನೋಡುತ್ತಿರುವ ಹಾಗೆ" ಅನ್ನುತ್ತಿದ್ದೆ. ಮುಗಿದ ಮೇಲೆ ಕೊನೆಯ ಸಾಲಿನಲ್ಲಿ ಕೂತಿದ್ದ ಒಬ್ಬರು ಬಂದು, "ಮಾತು ಚೆನ್ನಾಗಿತ್ತು, ಸ್ಲೈಡ್ ಇಲ್ದೇ ಇದ್ದಿದ್ರೆ ಇನ್ನೂ ಚೆನ್ನಾಗಿರ್ತಿತ್ತು" ಅಂದರು. ಬೇಜಾರಾಯಿತು, ಆದರೆ ಅವರು ಹೇಳಿದ್ದು ನಿಜ. ಅಂದಿನಿಂದ ನಾನು ಸ್ಲೈಡ್ ಮಾಡುವುದು ಆ ಕೊನೆಯ ಸಾಲಿನವರಿಗಾಗಿಯೇ. ಇಲ್ಲಿ ಬರೆದಿರುವುದೂ ಹಾಗೇ ಕಲಿತದ್ದು. ಪವರ್‌ಪಾಯಿಂಟ್ ಹೆಸರು ಹೇಳುತ್ತಿದ್ದರೂ ಗೂಗಲ್ ಸ್ಲೈಡ್ಸ್, ಕೀನೋಟ್, ಲಿಬ್ರೆಆಫೀಸ್ ಇಂಪ್ರೆಸ್ ಎಲ್ಲದಕ್ಕೂ ಹೆಚ್ಚುಕಡಿಮೆ ಇದೇ ದಾರಿ.

ಹಂತ 1: ಕಂಪ್ಯೂಟರ್ ಮುಚ್ಚಿ, ಕಾಗದ ತೆಗೆಯಿರಿ

ಒಂದು ಹಾಳೆಯ ಮೇಲೆ ಒಂದೇ ಒಂದು ವಾಕ್ಯ ಬರೆಯಿರಿ. ನಿಮ್ಮ ಮಾತು ಕೇಳಿ ಹೊರಗೆ ಹೋದವರನ್ನು ಯಾರಾದರೂ "ಏನು ಹೇಳಿದ್ರು?" ಅಂತ ಕೇಳಿದರೆ ಅವರು ಏನು ಉತ್ತರ ಕೊಡಬೇಕು? ಅದೇ ವಾಕ್ಯ. ಬರೆಯಲು ಆಗುತ್ತಿಲ್ಲ ಅಂದರೆ ಸ್ಲೈಡ್ ಮಾಡುವ ಹೊತ್ತು ಇನ್ನೂ ಬಂದಿಲ್ಲ.

ಒಂದು ಉದಾಹರಣೆ ಇಟ್ಟುಕೊಳ್ಳೋಣ, ಮುಂದೆಯೂ ಬೇಕಾಗುತ್ತದೆ. ಗ್ರಾಹಕರ ದೂರುಗಳಿಗೆ ಉತ್ತರ ಕೊಡುವುದು ತಡವಾಗುತ್ತಿದೆ, ಅದರ ಬಗ್ಗೆ ನೀವು ಮಾತಾಡಬೇಕು. "ದೂರುಗಳ ಬಗ್ಗೆ ಮಾಹಿತಿ" ಅಂತ ಬರೆದರೆ ಅದು ವಿಷಯ ಆಯಿತು, ಮಾತು ಆಗಲಿಲ್ಲ. "ತಡವಾಗುತ್ತಿರುವುದು ವಾರಾಂತ್ಯದಲ್ಲಿ ಬಂದ ದೂರುಗಳು ಮಾತ್ರ, ಶನಿವಾರ ಇಬ್ಬರನ್ನು ಹಾಕಿದರೆ ಸರಿಹೋಗುತ್ತದೆ" ಅಂತ ಬರೆದರೆ ಅದು ಮಾತು.

ಆಮೇಲೆ ಅಂಟಿಸುವ ಸಣ್ಣ ಚೀಟಿಗಳನ್ನು ತೆಗೆದುಕೊಂಡು ಒಂದೊಂದರ ಮೇಲೆ ಒಂದೊಂದು ವಿಚಾರ ಬರೆದು ಮೇಜಿನ ಮೇಲೆ ಹರಡಿ. ಹಿಂದೆ ಮುಂದೆ ಮಾಡಿ. ಬೇಡದ್ದನ್ನು ಎತ್ತಿಡಿ. ಚೀಟಿ ಎತ್ತಿ ಬಿಸಾಡಲು ಮನಸ್ಸಿಗೆ ನೋವಾಗುವುದಿಲ್ಲ, ಎರಡು ಗಂಟೆ ಕೂತು ಬಣ್ಣ ಹಚ್ಚಿದ ಸ್ಲೈಡ್ ಅಳಿಸಲು ನೋವಾಗುತ್ತದೆ. ಕಾಗದದಲ್ಲಿ ಶುರು ಮಾಡಿ ಅನ್ನುವುದು ಅದಕ್ಕೇ.

ಎಷ್ಟು ಸ್ಲೈಡ್ ಇರಬೇಕು ಅಂತ ಎಲ್ಲರೂ ಕೇಳುತ್ತಾರೆ. ಅಮೆರಿಕದ ಲೇಖಕ ಗೈ ಕವಾಸಾಕಿಯವರ 10-20-30 ಸೂತ್ರ ಕೇಳಿರುತ್ತೀರಿ: 10 ಸ್ಲೈಡ್, 20 ನಿಮಿಷ, 30 ಪಾಯಿಂಟಿಗಿಂತ ಚಿಕ್ಕದಲ್ಲದ ಅಕ್ಷರ. 2003ರಲ್ಲಿ ಟೋಕಿಯೋದಲ್ಲಿ ಶುರುವಾದ ಪೆಚಾಕುಚಾ ಅನ್ನುವ ಮಾತಿನ ಪದ್ಧತಿಯಲ್ಲಿ 20 ಸ್ಲೈಡ್, ಒಂದೊಂದಕ್ಕೆ 20 ಸೆಕೆಂಡ್, ಒಟ್ಟು 6 ನಿಮಿಷ 40 ಸೆಕೆಂಡ್. ಎರಡೂ ಕೆಲಸ ಮಾಡುತ್ತವೆ, ಲೆಕ್ಕ ಮಾತ್ರ ಎಲ್ಲಿಂದ ಎಲ್ಲಿಗೋ ಇದೆ ನೋಡಿ. ಹಾಗಾಗಿ ಸ್ಲೈಡ್ ಎಣಿಸುತ್ತಾ ಕೂರಬೇಡಿ. ಒಂದು ಸ್ಲೈಡಿಗೆ ಒಂದು ವಿಚಾರ ಇದೆಯಾ ಅಂತ ನೋಡಿ, ಸಾಕು. ಎರಡು ವಿಚಾರ ಇದ್ದರೆ ಎರಡು ಸ್ಲೈಡ್ ಮಾಡಿ, ಅದಕ್ಕೇನು ಕಾಸು ಕೊಡಬೇಕಿಲ್ಲ.

ಹಂತ 2: ಸ್ಲೈಡ್ ಬೇರೆ, ವರದಿ ಬೇರೆ

ಇದೊಂದನ್ನು ಒಪ್ಪಿಕೊಂಡರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ. ನಮ್ಮ ಸ್ಲೈಡುಗಳು ತುಂಬಿ ತುಳುಕುವುದಕ್ಕೆ ಮುಖ್ಯ ಕಾರಣ "ಆಮೇಲೆ ಫೈಲ್ ಕಳಿಸಿ" ಅನ್ನುವವರು. ಅವರಿಗೆ ಓದಲು ಬೇಕು, ಕೂತವರಿಗೆ ನೋಡಲು ಬೇಕು. ಎರಡನ್ನೂ ಒಂದೇ ಫೈಲಿನಲ್ಲಿ ಮಾಡಹೊರಟರೆ ಇಬ್ಬರಿಗೂ ಆಗದ ಒಂದು ವಸ್ತು ತಯಾರಾಗುತ್ತದೆ.

ತೆರೆಯ ಮೇಲಿರುವುದನ್ನೇ ಓದಿ ಹೇಳಿದರೆ ಕೇಳುವವರಿಗೆ ಸುಲಭ ಆಗುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ಆಗುವುದು ಉಲ್ಟಾ. ಕಣ್ಣು ನಿಮ್ಮ ಬಾಯಿಗಿಂತ ವೇಗವಾಗಿ ಓದುತ್ತದೆ, ಅವರು ಮೂರನೇ ಸಾಲಿನಲ್ಲಿರುವಾಗ ನೀವು ಇನ್ನೂ ಮೊದಲನೇ ಸಾಲಿನಲ್ಲಿರುತ್ತೀರಿ, ಓದುವುದೂ ಕೇಳುವುದೂ ಎರಡೂ ಭಾಷೆಯೇ ಆದ್ದರಿಂದ ತಲೆಯೊಳಗೆ ಒಂದನ್ನೊಂದು ತಳ್ಳಾಡುತ್ತವೆ. ಕಲಿಕೆಯ ಮನಶ್ಶಾಸ್ತ್ರದಲ್ಲಿ ಜಾನ್ ಸ್ವೆಲ್ಲರ್, ರಿಚರ್ಡ್ ಮೇಯರ್ ಮುಂತಾದವರು ಇದರ ಮೇಲೆ ಬಹಳ ಕೆಲಸ ಮಾಡಿದ್ದಾರೆ. ಚಿತ್ರ ನೋಡುತ್ತಾ ಮಾತು ಕೇಳುವುದು ಸಲೀಸು. ಅದೇ ಮಾತನ್ನು ಬರೆದು ಅದರ ಪಕ್ಕ ಇಟ್ಟರೆ ಕಷ್ಟ.

ಪರಿಹಾರ ಸರಳ. ನೀವು ಬಾಯಲ್ಲಿ ಹೇಳುವುದನ್ನೆಲ್ಲ ಸ್ಲೈಡಿನ ಕೆಳಗಿರುವ ನೋಟ್ಸ್ ಜಾಗಕ್ಕೆ ಇಳಿಸಿ. ಪ್ರೆಸೆಂಟರ್ ವ್ಯೂನಲ್ಲಿ ಅದು ನಿಮಗೆ ಮಾತ್ರ ಕಾಣುತ್ತದೆ. ಫೈಲ್ ಕೇಳಿದವರಿಗೆ ನೋಟ್ಸ್ ಸಮೇತ ಪಿಡಿಎಫ್ ಮಾಡಿ ಕಳಿಸಿ, ಇಲ್ಲವೇ ಎರಡು ಪುಟದ ಟಿಪ್ಪಣಿ ಬರೆದು ಕೊಡಿ. ಯಾರೂ ಮಾತಾಡದೆ ಬರೀ ಇಮೇಲಿನಲ್ಲೇ ಓಡಾಡುವ ಸ್ಲೈಡುಗಳೂ ಇರುತ್ತವೆ, ಗೊತ್ತು. ಅವು ಅಡ್ಡ ಪುಟದ ವರದಿಗಳಷ್ಟೇ. ಅವಕ್ಕೆ ಈ ಲೇಖನದ ನಿಯಮ ಬೇಡ.

ಹಂತ 3: ಶೀರ್ಷಿಕೆಯಲ್ಲಿ ಪೂರ್ತಿ ವಾಕ್ಯ ಬರೆಯಿರಿ

ಇದು ನನಗೆ ಎಲ್ಲಕ್ಕಿಂತ ಮುಖ್ಯ ಹಂತ, ಆದ್ದರಿಂದ ಸ್ವಲ್ಪ ನಿಧಾನಿಸುತ್ತೇನೆ. "ಪೀಠಿಕೆ", "ಹಿನ್ನೆಲೆ", "ಅಂಕಿಅಂಶ", "ವಿಶ್ಲೇಷಣೆ" ಇವೆಲ್ಲ ಫೈಲು ಜೋಡಿಸುವ ಕಪಾಟಿನ ಹೆಸರುಗಳು. "ದೂರುಗಳ ವಿಶ್ಲೇಷಣೆ" ಅಂತ ಹಾಕಿದರೆ ನೋಡುವವರು ಕೆಳಗಿನ ಚಾರ್ಟ್ ನೋಡಿ ತಾವೇ ಅರ್ಥ ಹುಡುಕಬೇಕು, ಹತ್ತು ಜನ ಇದ್ದರೆ ಹತ್ತು ಅರ್ಥ. "ವಾರಾಂತ್ಯದ ದೂರುಗಳಿಗೆ ಮಾತ್ರ ಉತ್ತರ ತಡವಾಗುತ್ತಿದೆ" ಅಂತ ಹಾಕಿ. ಈಗ ಚಾರ್ಟಿನ ಕೆಲಸ ಒಂದೇ, ಆ ವಾಕ್ಯ ನಿಜ ಅಂತ ತೋರಿಸುವುದು. ತೋರಿಸದ ಗೆರೆ, ಅಂಕಿ, ಚಿತ್ರ ಯಾವುದಿದ್ದರೂ ಧೈರ್ಯವಾಗಿ ತೆಗೆಯಬಹುದು. ಅಮೆರಿಕದ ಮೈಕೇಲ್ ಆಲಿ ಅವರು ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಕಲಿಸಿ ಜನಪ್ರಿಯಗೊಳಿಸಿದ ರೀತಿಯೂ ಇದೇ: ಮೇಲೆ ಒಂದು ಹೇಳಿಕೆ, ಕೆಳಗೆ ಅದಕ್ಕೆ ಸಾಕ್ಷಿ.

ಶೀರ್ಷಿಕೆಯಿಂದ ಏನು ಮಹಾ ಆಗುತ್ತದೆ ಅನ್ನುವವರಿಗೆ ಒಂದು ಘಟನೆ. 2003ರ ಜನವರಿಯಲ್ಲಿ ಕೊಲಂಬಿಯಾ ಬಾಹ್ಯಾಕಾಶ ನೌಕೆ ಮೇಲಕ್ಕೆ ಹಾರುವಾಗ ಇಂಧನ ಟ್ಯಾಂಕಿನ ಫೋಮ್ ತುಂಡೊಂದು ಕಳಚಿ ಎಡ ರೆಕ್ಕೆಗೆ ಬಡಿಯಿತು. ನೌಕೆ ಇನ್ನೂ ಮೇಲಿರುವಾಗಲೇ ಎಂಜಿನಿಯರುಗಳು ನಾಸಾದವರಿಗೆ ಸ್ಲೈಡ್ ತೋರಿಸಿದರು. ಒಂದು ಸ್ಲೈಡಿನ ಶೀರ್ಷಿಕೆ ಓದಿದರೆ ಹೆದರುವಂಥದ್ದೇನೂ ಇಲ್ಲ ಅನ್ನಿಸುವ ಹಾಗಿತ್ತು. ಕೆಳಗೆ ಬುಲೆಟ್, ಅದರೊಳಗೆ ಬುಲೆಟ್, ಮತ್ತೆ ಅದರೊಳಗೆ. ಎಲ್ಲಕ್ಕಿಂತ ತಳದ ಸಾಲಿನಲ್ಲಿ, ಚಿಕ್ಕ ಅಕ್ಷರದಲ್ಲಿ ಇದ್ದದ್ದು ಏನು ಗೊತ್ತಾ? ಬಡಿದ ಫೋಮ್ 1920 ಘನ ಇಂಚು, ಹಿಂದೆ ಪರೀಕ್ಷೆ ಮಾಡಿದ್ದು 3 ಘನ ಇಂಚಿನ ತುಂಡಿನ ಮೇಲೆ. ಅಂದರೆ 640 ಪಟ್ಟು ದೊಡ್ಡದು. ಫೆಬ್ರವರಿ 1ರಂದು ನೌಕೆ ವಾಪಸ್ಸಾಗುವಾಗ ಛಿದ್ರವಾಗಿ ಕಲ್ಪನಾ ಚಾವ್ಲಾ ಸೇರಿ ಏಳೂ ಜನ ತೀರಿಕೊಂಡರು. ಬರೀ ಸ್ಲೈಡಿನಿಂದ ಹೀಗಾಯಿತು ಅನ್ನುವುದು ಅನ್ಯಾಯ, ಕಾರಣಗಳು ಹಲವು ಇದ್ದವು. ಆದರೆ ತನಿಖಾ ಮಂಡಳಿ ತನ್ನ ವರದಿಯಲ್ಲಿ ಆ ಸ್ಲೈಡನ್ನು ಎತ್ತಿ ಆಡಿತು, ಅದರ ಬಗ್ಗೆ ಮಾಹಿತಿ ವಿನ್ಯಾಸದ ತಜ್ಞ ಎಡ್ವರ್ಡ್ ಟಫ್ಟಿ ಮಾಡಿದ ವಿಮರ್ಶೆಯನ್ನೂ ಸೇರಿಸಿತು. "ನಮ್ಮ ಪರೀಕ್ಷೆ ಇಷ್ಟು ದೊಡ್ಡ ತುಂಡಿಗೆ ಅನ್ವಯಿಸುವುದಿಲ್ಲ" ಅಂತ ಶೀರ್ಷಿಕೆಯಲ್ಲಿ ಬರೆದಿದ್ದರೆ ಕನಿಷ್ಠ ಯಾರೂ ಅದನ್ನು ಓದದೆ ದಾಟುತ್ತಿರಲಿಲ್ಲ.

ಎಲ್ಲ ಶೀರ್ಷಿಕೆ ಬರೆದಾದ ಮೇಲೆ ಔಟ್‌ಲೈನ್ ವ್ಯೂಗೆ ಹೋಗಿ ಬರೀ ಅವನ್ನಷ್ಟೇ ಒಂದರ ಕೆಳಗೊಂದು ಓದಿ. ಕಥೆ ಹಾಗೆ ಓಡಬೇಕು. ಎಲ್ಲಿ ತಡೆಯುತ್ತದೋ ಅಲ್ಲಿ ಒಂದು ಸ್ಲೈಡ್ ಕಮ್ಮಿ ಇದೆ, ಇಲ್ಲಾ ಒಂದು ಜಾಸ್ತಿ ಇದೆ.

ಹಂತ 4: ಸ್ಲೈಡ್ ಮಾಸ್ಟರ್ ಮೊದಲು, ಸ್ಲೈಡ್ ಆಮೇಲೆ

ಈಗ ಸಾಫ್ಟ್‌ವೇರ್ ತೆರೆಯಬಹುದು. ಮೊದಲು ಅಳತೆ. ಈಗಿನ ಪರದೆಗಳೆಲ್ಲ ಸಾಮಾನ್ಯವಾಗಿ 16:9, ಪವರ್‌ಪಾಯಿಂಟ್ 2013ರಿಂದ ತಾನಾಗೇ ಅದನ್ನೇ ಕೊಡುತ್ತದೆ. ಹಳೆಯ ಪ್ರೊಜೆಕ್ಟರ್ ಇರುವ ಕಡೆ 4:3 ಇರಬಹುದು. ಹೋಗುವ ಮುಂಚೆಯೇ ಕೇಳಿಬಿಡಿ, ಯಾಕೆಂದರೆ ಎಲ್ಲ ಮುಗಿದ ಮೇಲೆ ಅಳತೆ ಬದಲಿಸಿದರೆ ಚಿತ್ರಗಳು ಸಪ್ಪಟೆಯಾಗಿ ಪ್ರತಿಯೊಂದನ್ನೂ ಕೂತು ಸರಿಮಾಡಬೇಕು.

ನಂತರ ವ್ಯೂ ಮೆನುವಿನಲ್ಲಿ ಸ್ಲೈಡ್ ಮಾಸ್ಟರ್ ತೆರೆಯಿರಿ. ಫಾಂಟು, ಬಣ್ಣ, ಶೀರ್ಷಿಕೆ ಕೂರುವ ಜಾಗ, ಸುತ್ತ ಬಿಡುವ ಅಂಚು ಎಲ್ಲ ಇಲ್ಲೇ ಒಮ್ಮೆ ತೀರ್ಮಾನಿಸಿದರೆ ಪ್ರತಿ ಸ್ಲೈಡಿಗೂ ತಾನಾಗಿ ಬರುತ್ತದೆ. ಹಿಂದಿನ ದಿನ ರಾತ್ರಿ ಫಾಂಟ್ ಬದಲಿಸಬೇಕಾಗಿ ಬಂದಾಗ ಈ ಹತ್ತು ನಿಮಿಷದ ಬೆಲೆ ಗೊತ್ತಾಗುತ್ತದೆ. ಪ್ರತಿ ಸ್ಲೈಡಿನ ಮೂಲೆಯಲ್ಲೂ ಲೋಗೋ, ದಿನಾಂಕ, ಕೆಳಗೊಂದು ಬಣ್ಣದ ಪಟ್ಟಿ ಇದ್ದರೆ ತೆಗೆದುಹಾಕಿ. ಲೋಗೋ ಮೊದಲ ಸ್ಲೈಡಿನಲ್ಲಿದ್ದರೆ ಸಾಕು, ನೀವು ಎಲ್ಲಿಂದ ಬಂದಿದ್ದೀರಿ ಅಂತ ಜನ ಮಧ್ಯದಲ್ಲಿ ಮರೆತುಹೋಗುವುದಿಲ್ಲ. ಸ್ಲೈಡ್ ಸಂಖ್ಯೆ ಮಾತ್ರ ಇರಲಿ. ಪ್ರಶ್ನೆ ಕೇಳುವವರು "ಏಳನೇ ಸ್ಲೈಡಿಗೆ ಹೋಗಿ" ಅನ್ನಬಹುದು.

ಹಂತ 5: ಅಕ್ಷರ

ಒಂದು ಫಾಂಟ್ ಸಾಕು, ಎರಡು ಪರವಾಗಿಲ್ಲ, ಮೂರು ಬೇಡ. ಗಾತ್ರಕ್ಕೆ ನಾನು ಇಟ್ಟುಕೊಂಡಿರುವ ಲೆಕ್ಕ: ಶೀರ್ಷಿಕೆ 32ರಿಂದ 40, ಒಳಗಿನ ಬರಹ 24ರಿಂದ 28, ಚಾರ್ಟಿನ ಅಂಕಿಗಳು 18ಕ್ಕಿಂತ ಕೆಳಗಿಲ್ಲ. ಬರಹ ಹಿಡಿಯುತ್ತಿಲ್ಲ ಅಂದಾಗ ಪವರ್‌ಪಾಯಿಂಟ್ ಸದ್ದಿಲ್ಲದೆ ಅಕ್ಷರ ಚಿಕ್ಕದು ಮಾಡಿಬಿಡುತ್ತದೆ. ಆ ಆಟೋಫಿಟ್ ಆಫ್ ಮಾಡಿ. ಹಿಡಿಯುತ್ತಿಲ್ಲ ಅಂದರೆ ಮಾತು ಜಾಸ್ತಿ ಆಗಿದೆ ಅಂತ ಅರ್ಥ.

ಕನ್ನಡದಲ್ಲಿ ಸ್ಲೈಡ್ ಮಾಡುವವರಿಗೆ ನಾಲ್ಕು ಮಾತು ಬೇರೆಯಾಗಿ ಹೇಳಬೇಕು, ಇದನ್ನು ಇಂಗ್ಲಿಷ್ ಮಾರ್ಗದರ್ಶಿಗಳಲ್ಲಿ ಹುಡುಕಿದರೆ ಸಿಗುವುದಿಲ್ಲ. ನಮ್ಮ ಒತ್ತಕ್ಷರ ಕೆಳಕ್ಕೆ ಇಳಿಯುತ್ತದೆ, ಗುಣಿತದ ಚಿಹ್ನೆಗಳು ಮೇಲಕ್ಕೂ ಪಕ್ಕಕ್ಕೂ ಚಾಚುತ್ತವೆ, ಹಾಗಾಗಿ ಇಂಗ್ಲಿಷಿಗೆ ಸಾಕಾಗುವ ಸಾಲಿನ ಅಂತರ ಕನ್ನಡಕ್ಕೆ ಇಕ್ಕಟ್ಟಾಗಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗೆ ತಾಗುತ್ತದೆ. ಅಂತರವನ್ನು 1.2 ಅಥವಾ 1.3 ಮಾಡಿ. ಗಾತ್ರವನ್ನೂ ಎರಡು ಪಾಯಿಂಟ್ ಹೆಚ್ಚಿಸಿ, ಒಳಗಿನ ಸುರುಳಿಗಳು ದೂರಕ್ಕೆ ತುಂಬಿಕೊಂಡು ಮಸಿಯಂತೆ ಕಾಣುತ್ತವೆ. ಓರೆ ಅಕ್ಷರ ಬೇಡ, ಅದು ನಮ್ಮ ಲಿಪಿಯ ಗುಣಕ್ಕೆ ಹೊಂದುವುದಿಲ್ಲ. ಒತ್ತು ಕೊಡಬೇಕೆಂದರೆ ದಪ್ಪ ಮಾಡಿ ಅಥವಾ ಬಣ್ಣ ಬದಲಿಸಿ. ಕೊನೆಯದಾಗಿ, ಯೂನಿಕೋಡ್ ಫಾಂಟನ್ನೇ ಬಳಸಿ. ನೋಟೋ ಸಾನ್ಸ್ ಕನ್ನಡ, ನಿರ್ಮಲಾ ಯುಐ, ಬಾಲೂ ತಮ್ಮ, ಯಾವುದಾದರೂ ಸರಿ. ಹಳೆಯ ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಮಾಡಿದ ಫೈಲನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಬರುತ್ತದೆ. ವೇದಿಕೆಯ ಮೇಲೆ ನಿಂತು ಅದನ್ನು ನೋಡುವ ಗತಿ ಯಾರಿಗೂ ಬೇಡ.

ಹಂತ 6: ಬಣ್ಣ

ಬೂದು, ಕಪ್ಪು, ಬಿಳಿ, ಜೊತೆಗೆ ಒಂದು ಬಣ್ಣ. ಇದಿಷ್ಟರಲ್ಲೇ ಮಾಡಿ ನೋಡಿ, ನಿಮಗೇ ಆಶ್ಚರ್ಯ ಆಗುತ್ತದೆ. ಆ ಒಂದು ಬಣ್ಣವನ್ನು "ಇಲ್ಲಿ ನೋಡಿ" ಅನ್ನುವುದಕ್ಕೆ ಮಾತ್ರ ಬಳಸಿ. ನಮ್ಮ ದೂರಿನ ಚಾರ್ಟಿನಲ್ಲಿ ಸೋಮವಾರದಿಂದ ಶುಕ್ರವಾರದವರೆಗಿನ ಐದು ಕಂಬ ಬೂದು, ಶನಿವಾರ ಭಾನುವಾರದ ಎರಡು ಕಿತ್ತಳೆ. ವಿವರಿಸುವ ಅಗತ್ಯವೇ ಇಲ್ಲ, ಕಣ್ಣು ತಾನೇ ಅಲ್ಲಿಗೆ ಹೋಗುತ್ತದೆ. ಏಳು ಕಂಬಕ್ಕೆ ಏಳು ಬಣ್ಣ ಹಚ್ಚಿದರೆ ಕಣ್ಣು ಎಲ್ಲಿಗೂ ಹೋಗುವುದಿಲ್ಲ. (1987ರಲ್ಲಿ ಮ್ಯಾಕಿಂಟಾಶ್‌ಗೆ ಬಂದ ಮೊದಲ ಪವರ್‌ಪಾಯಿಂಟಿನಲ್ಲಿ ಇದ್ದದ್ದೇ ಕಪ್ಪು ಬಿಳುಪು. ಓವರ್‌ಹೆಡ್ ಪ್ರೊಜೆಕ್ಟರಿಗೆ ಪಾರದರ್ಶಕ ಹಾಳೆ ಮಾಡಿಕೊಳ್ಳಲು ಅದನ್ನು ಬಳಸುತ್ತಿದ್ದರು. ಒಂದು ಬಣ್ಣವೂ ಇಲ್ಲದೆ ಜನ ಕೆಲಸ ಮಾಡಿದ್ದಾರೆ.)

ಅಕ್ಷರಕ್ಕೂ ಹಿನ್ನೆಲೆಗೂ ಬೆಳಕಿನ ವ್ಯತ್ಯಾಸ (ಕಾಂಟ್ರಾಸ್ಟ್) ಎಷ್ಟಿರಬೇಕು ಅನ್ನುವುದಕ್ಕೆ ಅಳತೆ ಇದೆ. ವೆಬ್ ಪುಟಗಳಿಗೆ ಮಾಡಿರುವ ಡಬ್ಲ್ಯುಸಿಎಜಿ ನಿಯಮದಲ್ಲಿ ಸಾಮಾನ್ಯ ಅಕ್ಷರಕ್ಕೆ ಕನಿಷ್ಠ 4.5:1, ದೊಡ್ಡ ಅಕ್ಷರಕ್ಕೆ 3:1. ಬಿಳಿ ಮೇಲೆ ಕಪ್ಪು ಅಂದರೆ 21:1. ಇಂಟರ್ನೆಟ್‌ನಲ್ಲಿ ಕಾಂಟ್ರಾಸ್ಟ್ ಚೆಕರ್ ಅಂತ ಹುಡುಕಿದರೆ ಎರಡು ಬಣ್ಣ ಕೊಟ್ಟು ನೋಡುವ ಉಚಿತ ಸಾಧನಗಳು ಸಿಗುತ್ತವೆ. ಸ್ಲೈಡಿಗೆ ಅಂದರೆ ನಾನು 7ರ ಮೇಲೇ ಇಟ್ಟುಕೊಳ್ಳುತ್ತೇನೆ. ದೀಪ ಹಾಕಿದ ಕೋಣೆಯಲ್ಲಿ ಪ್ರೊಜೆಕ್ಟರಿನ ಕಪ್ಪು ಕಪ್ಪಾಗಿರುವುದಿಲ್ಲ, ಬೂದು ಬಣ್ಣದ್ದಾಗಿರುತ್ತದೆ. ಬೆಳಕು ಜಾಸ್ತಿ ಇರುವ ಕಡೆ ತಿಳಿ ಹಿನ್ನೆಲೆ, ಕತ್ತಲ ಸಭಾಂಗಣದಲ್ಲಿ ಗಾಢ ಹಿನ್ನೆಲೆ.

ಕೆಂಪು ಹಸಿರನ್ನು ಮಾತ್ರ ನಂಬಿಕೊಂಡು ಏನನ್ನೂ ಹೇಳಬೇಡಿ. ಆ ಎರಡು ಬಣ್ಣ ಬೇರೆಬೇರೆಯಾಗಿ ಕಾಣದವರು ಗಂಡಸರಲ್ಲಿ ಕಮ್ಮಿಯೇನಿಲ್ಲ, ಒಂದು ದೊಡ್ಡ ಸಭೆ ಅಂದರೆ ಒಂದಿಬ್ಬರಾದರೂ ಇರುತ್ತಾರೆ ಅಂತಲೇ ಇಟ್ಟುಕೊಳ್ಳಿ. ನೀಲಿ ಮತ್ತು ಕಿತ್ತಳೆ ಜೋಡಿ ಹೆಚ್ಚು ಸುರಕ್ಷಿತ. ಅನುಮಾನ ಇದ್ದರೆ ವ್ಯೂ ಮೆನುವಿನಲ್ಲಿ ಗ್ರೇಸ್ಕೇಲ್ ಒತ್ತಿ. ಬಣ್ಣ ಹೋದ ಮೇಲೂ ವಿಷಯ ಉಳಿದಿದ್ದರೆ ಸರಿ.

ಹಂತ 7: ಜೋಡಣೆ

ಚಿತ್ರಕಲೆ ಬರಬೇಕಿಲ್ಲ. ಎರಡು ವಿಷಯ ನೋಡಿಕೊಂಡರೆ ಸ್ಲೈಡ್ ತಾನಾಗಿ ಅಚ್ಚುಕಟ್ಟಾಗುತ್ತದೆ. ಒಂದು, ಪ್ರತಿ ವಸ್ತುವಿನ ಅಂಚೂ ಇನ್ನೊಂದರ ಅಂಚಿಗೆ ಸರಿಸಮ ಇರಬೇಕು. ಕಣ್ಣಳತೆ ನಂಬಬೇಡಿ, ವಸ್ತುಗಳನ್ನು ಆಯ್ದು ಅಲೈನ್ ಒತ್ತಿ. ಬರಹ ಎಡಕ್ಕೆ ಸರಿದಿರಲಿ. ನಡುವೆ ಕೂರಿಸಿದ ನಾಲ್ಕು ಸಾಲು ಮದುವೆ ಕರೆಯೋಲೆ ಥರ ಕಾಣುತ್ತದೆ. ಎರಡು, ಸಂಬಂಧ ಇರುವುದು ಹತ್ತಿರ, ಇಲ್ಲದ್ದು ದೂರ. ಚಿತ್ರದ ವಿವರ ಚಿತ್ರಕ್ಕೆ ಅಂಟಿಕೊಂಡಿರಬೇಕು, ಸ್ಲೈಡಿನ ಇನ್ನೊಂದು ತುದಿಯಲ್ಲಿ ಅಲ್ಲ.

ಖಾಲಿ ಜಾಗ ಕಂಡರೆ ಹಲವರಿಗೆ ಕೈ ತುರಿಸುತ್ತದೆ. ಅಲ್ಲೊಂದು ಕೈಕುಲುಕುವ ಚಿತ್ರ, ಇಲ್ಲೊಂದು ಬಲ್ಬಿನ ಚಿತ್ರ. ಬಿಡಿ, ಖಾಲಿಯೇ ಇರಲಿ. ಒಂದು ಸ್ಲೈಡಿನಲ್ಲಿ "46 ಗಂಟೆ" ಅನ್ನುವ ಅಂಕಿ ದೊಡ್ಡದಾಗಿ, ಕೆಳಗೆ "ಭಾನುವಾರದ ದೂರಿಗೆ ಉತ್ತರ ಸಿಗಲು ಬೇಕಾದ ಸಮಯ" ಅಂತಷ್ಟೇ ಇದ್ದರೆ, ಸುತ್ತಲಿನ ಖಾಲಿ ಜಾಗವೇ ಆ ಅಂಕಿಯನ್ನು ಎತ್ತಿ ತೋರಿಸುತ್ತದೆ.

ಹಂತ 8: ಚಾರ್ಟ್

ಎಕ್ಸೆಲ್‌ನಿಂದ ಚಾರ್ಟ್ ತಂದು ಅಂಟಿಸಿ ಕೈ ತೊಳೆದುಕೊಳ್ಳುವುದು ಸಾಮಾನ್ಯ. ತಂದ ಮೇಲೆ ಕೆಲಸ ಶುರು. ಹಿಂದಿನ ಅಡ್ಡಗೆರೆ ಅಳಿಸಿ. ಸುತ್ತಲಿನ ಚೌಕಟ್ಟು ಅಳಿಸಿ. ಮೂರು ಆಯಾಮದ ಪರಿಣಾಮ ಇದ್ದರೆ ಮೊದಲು ಅದನ್ನೇ ತೆಗೆಯಿರಿ, ಅದು ಮುಂದಿನ ತುಂಡನ್ನು ದೊಡ್ಡದಾಗಿ ತೋರಿಸಿ ಸುಳ್ಳು ಹೇಳುತ್ತದೆ. ಪಕ್ಕದ ಲೆಜೆಂಡ್ ಅಳಿಸಿ ಹೆಸರನ್ನು ಗೆರೆಯ ತುದಿಗೇ ಬರೆಯಿರಿ, ಜನ ಬಣ್ಣ ಹೊಂದಿಸುತ್ತಾ ಅತ್ತಿತ್ತ ನೋಡುವುದು ತಪ್ಪುತ್ತದೆ. ಕಂಬಗಳ ಮೇಲೆ ಅಂಕಿ ಬರೆದಿದ್ದರೆ ಎಡಗಡೆಯ ಅಳತೆಪಟ್ಟಿಯೂ ಬೇಡ.

ಯಾವ ಚಾರ್ಟ್? ಕಾಲದ ಜೊತೆ ಬದಲಾಗುವುದಕ್ಕೆ ಗೆರೆ, ಹೋಲಿಕೆಗೆ ಕಂಬ, ಹೆಸರು ಉದ್ದ ಇದ್ದರೆ ಅಡ್ಡ ಕಂಬ (ಕನ್ನಡ ಪದಗಳು ಉದ್ದ, ನಿಂತ ಕಂಬದ ಕೆಳಗೆ ಓರೆಯಾಗಿ ಬಿದ್ದುಕೊಳ್ಳುತ್ತವೆ). ಪೈ ಚಾರ್ಟ್ ಎರಡು ಮೂರು ಭಾಗ ಇದ್ದರೆ ಸರಿ, ಅದಕ್ಕಿಂತ ಜಾಸ್ತಿ ಆದರೆ ಯಾವುದು ದೊಡ್ಡದು ಅಂತ ಕಣ್ಣಿಗೆ ಗೊತ್ತಾಗುವುದಿಲ್ಲ. ಕಂಬದ ಚಾರ್ಟ್ ಸೊನ್ನೆಯಿಂದಲೇ ಶುರುವಾಗಬೇಕು. 90ರಿಂದ ಶುರು ಮಾಡಿದರೆ 92 ಮತ್ತು 96ರ ನಡುವೆ ಮೂರು ಪಟ್ಟು ವ್ಯತ್ಯಾಸ ಇರುವ ಹಾಗೆ ಕಾಣುತ್ತದೆ. ತಿಳಿದವರು ಒಬ್ಬರು ಇದ್ದರೂ ಸಾಕು, ನಿಮ್ಮ ಉಳಿದ ಸ್ಲೈಡುಗಳನ್ನೂ ಅನುಮಾನದಿಂದಲೇ ನೋಡುತ್ತಾರೆ.

ಹದಿನೈದು ಸಾಲಿನ ಕೋಷ್ಟಕ ತೋರಿಸಿ "ಸ್ವಲ್ಪ ಚಿಕ್ಕದಾಗಿದೆ, ಕ್ಷಮಿಸಿ" ಅನ್ನುವವರಿಗೆ ಒಂದೇ ಮಾತು: ಕ್ಷಮೆ ಕೇಳಬೇಕು ಅಂತ ಮೊದಲೇ ಗೊತ್ತಿದ್ದರೆ ಯಾಕೆ ಹಾಕಿದಿರಿ?

ಹಂತ 9: ಚಿತ್ರ, ಅನಿಮೇಶನ್

ಚಿತ್ರ ಹಾಕುವುದಾದರೆ ದೊಡ್ಡದಾಗಿ, ಪೂರ್ತಿ ಸ್ಲೈಡ್ ತುಂಬ ಹಾಕಿ. ಅದಕ್ಕೆ ಸುಮಾರು 1920 × 1080 ಪಿಕ್ಸೆಲ್ ಬೇಕು, ವಾಟ್ಸಾಪ್‌ನಲ್ಲಿ ಬಂದ ಚಿತ್ರ ಹಿಗ್ಗಿಸಿದರೆ ಚುಕ್ಕೆ ಚುಕ್ಕೆ ಆಗುತ್ತದೆ. ಹಿಗ್ಗಿಸುವಾಗ ಮೂಲೆ ಹಿಡಿದು ಎಳೆಯಿರಿ, ಪಕ್ಕ ಹಿಡಿದು ಎಳೆದರೆ ಮನುಷ್ಯರ ಮುಖ ಅಗಲವಾಗುತ್ತದೆ. ಚಿತ್ರದ ಮೇಲೆ ಬರಹ ಬೇಕಿದ್ದರೆ ನಡುವೆ ಅರೆಪಾರದರ್ಶಕ ಕಪ್ಪು ಚೌಕ ಇಡಿ. ಗೂಗಲ್‌ನಲ್ಲಿ ಸಿಕ್ಕಿದ್ದೆಲ್ಲ ಬಳಸಬಹುದು ಅಂತಲ್ಲ, ವಿಕಿಮೀಡಿಯಾ ಕಾಮನ್ಸ್‌ನಂಥ ಕಡೆ ಪರವಾನಗಿ ನೋಡಿ ತೆಗೆದುಕೊಳ್ಳಿ.

ಅನಿಮೇಶನ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಪಿಯರ್ ಅಥವಾ ಫೇಡ್, ಅದೂ ಒಂದಾದ ಮೇಲೊಂದು ವಿವರಿಸಬೇಕಾದಾಗ ಮಾತ್ರ.

ಹಂತ 10: ಎದ್ದು ಹಿಂದಕ್ಕೆ ಹೋಗಿ

ಈಗ ಕೊನೆಯ ಸಾಲಿನವರ ಪರೀಕ್ಷೆ. ಪರದೆ 2 ಮೀಟರ್ ಅಗಲ, ಕೊನೆಯ ಸಾಲು 12 ಮೀಟರ್ ದೂರ ಅಂದುಕೊಳ್ಳಿ. ಅಂದರೆ ಅಗಲದ ಆರು ಪಟ್ಟು. ನಿಮ್ಮ ಲ್ಯಾಪ್‌ಟಾಪ್ ಪರದೆ 30 ಸೆಂಟಿಮೀಟರ್ ಅಗಲ ಇದ್ದರೆ 180 ಸೆಂಟಿಮೀಟರ್ ಹಿಂದೆ ನಿಂತು ನೋಡಿ. ಅವರಿಗೆ ಕಾಣುವುದು ಇಷ್ಟೇ. ಕಣ್ಣು ಕಿರಿದು ಮಾಡಬೇಕಾಗಿ ಬಂದರೆ ವಾಪಸ್ ಹಂತ 5.

ಆಮೇಲೆ ಎಫ್ 5 ಒತ್ತಿ, ಎದ್ದು ನಿಂತು, ಗಟ್ಟಿಯಾಗಿ, ಗಡಿಯಾರ ಇಟ್ಟುಕೊಂಡು ಒಮ್ಮೆ ಪೂರ್ತಿ ಮಾತಾಡಿ. ನಾಲಿಗೆ ತಡವರಿಸಿದ ಕಡೆ ಸ್ಲೈಡಿನಲ್ಲೇ ಏನೋ ತಪ್ಪಿರುತ್ತದೆ, ನನ್ನ ಅನುಭವದಲ್ಲಿ ಇದು ಸುಳ್ಳಾದದ್ದು ಕಮ್ಮಿ. ಜನ ನಿಮ್ಮನ್ನು ನೋಡಬೇಕು ಅನ್ನಿಸಿದಾಗ ಬಿ ಕೀ ಒತ್ತಿದರೆ ಪರದೆ ಕಪ್ಪಾಗುತ್ತದೆ, ಮತ್ತೆ ಒತ್ತಿದರೆ ಬರುತ್ತದೆ. ಫೈಲ್ ಆಪ್ಷನ್ಸ್‌ನ ಸೇವ್ ವಿಭಾಗದಲ್ಲಿ ಫಾಂಟ್ ಎಂಬೆಡ್ ಮಾಡುವ ಆಯ್ಕೆ ಇದೆ, ಟಿಕ್ ಮಾಡಿ. ಜೊತೆಗೆ ಒಂದು ಪಿಡಿಎಫ್ ಪ್ರತಿ ಪೆನ್‌ಡ್ರೈವಿನಲ್ಲಿರಲಿ. ಇಂಟರ್ನೆಟ್ ಇರುತ್ತದೆ ಅಂತ ನಂಬಿಕೊಂಡು ಹೋಗಬೇಡಿ.

ಕೊನೆಯ ಸ್ಲೈಡಿನಲ್ಲಿ "ಧನ್ಯವಾದಗಳು" ಬೇಡ, ಅದನ್ನು ಬಾಯಲ್ಲೇ ಹೇಳಿ. ಪ್ರಶ್ನೋತ್ತರ ನಡೆಯುವ ಹತ್ತು ನಿಮಿಷ ಪರದೆಯ ಮೇಲೆ ಉಳಿಯುವುದು ಆ ಸ್ಲೈಡೇ, ಹಾಗಾಗಿ ಹಂತ 1ರಲ್ಲಿ ಹಾಳೆಯ ಮೇಲೆ ಬರೆದ ವಾಕ್ಯವನ್ನು ಅಲ್ಲಿ ಹಾಕಿ. ಅದರ ನಂತರ, ಮೊದಲೇ ಎತ್ತಿಟ್ಟ ಚೀಟಿಗಳಲ್ಲಿ ಯಾರಾದರೂ ಕೇಳಬಹುದು ಅನ್ನಿಸಿದ ನಾಲ್ಕೈದನ್ನು ಸ್ಲೈಡ್ ಮಾಡಿ ಇಟ್ಟುಕೊಳ್ಳಿ. ಯಾರೋ "ಶುಕ್ರವಾರ ರಾತ್ರಿ ಬಂದ ದೂರಿನ ಕಥೆ ಏನು?" ಅಂತ ಕೇಳಿದಾಗ ಸ್ಲೈಡ್ ಸಂಖ್ಯೆ ಒತ್ತಿ ಎಂಟರ್ ಹೊಡೆದರೆ ನೇರ ಅಲ್ಲಿಗೇ ಹೋಗುತ್ತದೆ. ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಬರೆದು ಲ್ಯಾಪ್‌ಟಾಪಿನ ಅಂಚಿಗೆ ಅಂಟಿಸಿಕೊಂಡಿರಿ.